ಒರಳು ತುಂಬಿದ ವರ್ಷ

ದೊಡ್ಡಪ್ಪ ತೀರಿಕೊಂಡು ವರ್ಷ ತುಂಬಿದ ದಿನ, ಜಗಳೂರು ತಾಲ್ಲೂಕಿನ ನಮ್ಮೂರಲ್ಲಿ, ಬಸವಣ್ಣನ ಗುಡಿ ಮುಂದೆ ನಾನು ಆಡಿದ ಮಾತು ಇದು. ಮೊಬೈಲಿನಲ್ಲಿ ಹಿಡಿದಿಟ್ಟಿದ್ದನ್ನು ಕೇಳಿಕೊಂಡು ಬರೆದಿದ್ದೇನೆ. ಮೈಕು ಕೈಕೊಟ್ಟ ಕಡೆ ನೆನಪಿನಿಂದ ಸೇರಿಸಿದ್ದೇನೆ. ಮಾತು ಮುಗಿದ ಮೇಲೆ ನಡೆದದ್ದನ್ನೂ ಬರೆದಿದ್ದೇನೆ. ಅದು ನಡೆಯದೇ ಇದ್ದಿದ್ದರೆ ಇದನ್ನು ಬರೆಯುವ ಗೋಜಿಗೇ ಹೋಗುತ್ತಿರಲಿಲ್ಲ.

ಎಲ್ಲರಿಗೂ ಶರಣು.

ಮೊದಲು ಈ ಕಾರ್ಡಿನ ಮಾತು ಮುಗಿಸಿಬಿಡೋಣ. ಬೆಳಿಗ್ಗೆಯಿಂದ ಎಲ್ಲರೂ ಇದನ್ನೇ ಕೇಳುತ್ತಿದ್ದೀರಿ. ದೊಡ್ಡಪ್ಪನ ಹೆಸರಿನ ಕೆಳಗೆ ‘ನಿವೃತ್ತ ರೈತರು’ ಅಂತ ಅಚ್ಚಾಗಿದೆ. ದೊಡ್ಡಪ್ಪನ ಮಗ, ನನ್ನ ತಮ್ಮ, ದಾವಣಗೆರೆಯ ಪ್ರೆಸ್ಸಿಗೆ ಹೋದಾಗ ಅಲ್ಲಿನ ಹುಡುಗ ಕಂಪ್ಯೂಟರಿನಲ್ಲಿ ಯಾರದೋ ಹಳೇ ಕಾರ್ಡು ತೆಗೆದು ಅದರ ಮೇಲೇ ತಿದ್ದುತ್ತಿದ್ದನಂತೆ. ಅದರಲ್ಲಿ ‘ನಿವೃತ್ತ ಶಿಕ್ಷಕರು’ ಅಂತಿತ್ತು. ‘ನಿಮ್ಮ ತಂದೆ ಏನಾಗಿದ್ರು ಸಾರ್?’ ಅಂದ. ಇವನು ‘ರೈತರು’ ಅಂದ. ಆ ಹುಡುಗ ಶಿಕ್ಷಕರನ್ನು ಅಳಿಸಿ ರೈತರನ್ನು ಕೂರಿಸಿದ, ನಿವೃತ್ತ ಹಾಗೇ ಉಳಿಯಿತು. ಇಷ್ಟೇ ಕಥೆ.

ತಪ್ಪು ಅಚ್ಚೇ ಇರಬಹುದು, ಆದರೆ ಎರಡು ದಿನದಿಂದ ನನ್ನ ತಲೆಯಲ್ಲಿ ಅದೇ ಕೊರೆಯುತ್ತಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ 60ಕ್ಕೆ ನಿವೃತ್ತನಾದವನು. ಆ ದಿನ ಹಾರ ಹಾಕಿದರು, ಶಾಲು ಹೊದಿಸಿದರು, ಒಂದು ಗೋಡೆ ಗಡಿಯಾರ ಕೊಟ್ಟರು. ಮರುದಿನದಿಂದ ಗಂಟೆ ಹೊಡೆದರೆ ನಾನು ಏಳಬೇಕಾಗಿಲ್ಲ. ತಿಂಗಳಿಗೊಮ್ಮೆ ಪಿಂಚಣಿ ಬೀಳುತ್ತದೆ. ದೊಡ್ಡಪ್ಪನಿಗೆ ಅಂಥ ದಿನ ಯಾವುದು? ಒಂದು ಸಲ ಕೇಳಿಯೂ ಇದ್ದೆ. ‘ನಮ್ಮದರಾಗೆ ವಾರದ ರಜೆ ಐತೆ ಕಣಪ್ಪ, ಸೋಮವಾರ. ಅದೂ ಎತ್ತಿಗೆ’ ಅಂದರು.

2019ರಲ್ಲಿ ಪಿಎಂ ಕಿಸಾನ್ ಬಂತು. ವರ್ಷಕ್ಕೆ 6,000 ರೂಪಾಯಿ, ಮೂರು ಕಂತಿನಲ್ಲಿ. ಪಹಣಿ ದೊಡ್ಡಪ್ಪನ ಹೆಸರಲ್ಲಿದ್ದದ್ದರಿಂದ ದುಡ್ಡು ಅವರ ಖಾತೆಗೇ ಬೀಳುತ್ತಿತ್ತು. ಬೆಳಗಾಗೆದ್ದು ಹೊಲಕ್ಕೆ ಹೋಗುವ ಮಗ ಸರ್ಕಾರದ ಕಾಗದದಲ್ಲಿ ರೈತನಲ್ಲ, ಜಗುಲಿ ಮೇಲೆ ಕೂತ 86ರ ಮುದುಕರು ರೈತರು. ಅದೇ ವರ್ಷ ಕಿಸಾನ್ ಮಾನ್‌ಧನ್ ಅಂತ ರೈತರ ಪಿಂಚಣಿ ಯೋಜನೆಯೂ ಬಂತು. 18ರಿಂದ 40 ವರ್ಷದೊಳಗಿನವರು ಸೇರಿ ತಿಂಗಳು ತಿಂಗಳು ಕಟ್ಟುತ್ತಾ ಹೋದರೆ 60 ತುಂಬಿದ ಮೇಲೆ ತಿಂಗಳಿಗೆ 3,000. ಪೇಪರಿನಲ್ಲಿ ಓದಿ ಹೇಳಿದೆ, ‘ನೀವು ನಲವತ್ತರೊಳಗೆ ಸೇರಬೇಕಿತ್ತು ದೊಡ್ಡಪ್ಪ’ ಅಂದೆ. ‘ನನಗೆ ನಲವತ್ತಾದಾಗ ಇಂದಿರಾ ಗಾಂಧಿ ಇದ್ದಳು. ಆಯಮ್ಮನ್ನ ಕೇಳಿ ನೋಡು’ ಅಂದರು.

ಅವರ ವಯಸ್ಸಿನ ಲೆಕ್ಕ ಹೇಳಿದೆನಲ್ಲ, ಅದು ಆಧಾರ್ ಕಾರ್ಡಿನ ಲೆಕ್ಕವಲ್ಲ. ಆಧಾರ್‌ನಲ್ಲಿ ಅವರು ಹುಟ್ಟಿದ್ದು 1938ರ ಜನವರಿ 1. ನಮ್ಮೂರಲ್ಲಿ ಹಲ್ಲು ಬಿದ್ದವರಲ್ಲಿ ಅರ್ಧ ಜನ ಜನವರಿ 1ಕ್ಕೇ ಹುಟ್ಟಿದವರು. ನಮ್ಮ ಅಜ್ಜಿಯ ಲೆಕ್ಕ ಬೇರೆ. ಅಜ್ಜಿಯ ತವರು ಹಿರಿಯೂರು ತಾಲ್ಲೂಕಿನಲ್ಲಿ, ವೇದಾವತಿ ಹೊಳೆ ದಂಡೆಯಲ್ಲಿ. ಚೊಚ್ಚಲ ಬಾಣಂತನ ಅಲ್ಲೇ. ‘ಮಾರಿಕಣಿವೆ ಕೋಡಿ ಬಿದ್ದ ವರ್ಷ ಇವನು ಹುಟ್ಟಿದ, ತೊಟ್ಟಿಲಿಗೆ ಹಾಕೋ ದಿನ ಊರಿನ ಗಂಡಸರೆಲ್ಲ ನೀರು ನೋಡೋಕೆ ಹೋಗಿದ್ರು’ ಅನ್ನುತ್ತಿದ್ದಳು. ಮೈಸೂರಿನ ಅರಸರ ಕಾಲದಲ್ಲಿ, ಎರಡು ಗುಡ್ಡಗಳ ನಡುವೆ ಕಟ್ಟೆ ಹಾಕಿ 1907ರಲ್ಲಿ ಮುಗಿಸಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಹಾಗಾಗಿ ದೊಡ್ಡಪ್ಪ 1933ರವರು. ಮತ್ತೆ ಅದು ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ. ಅದರ ಮಾತು ಆಮೇಲೆ ಹೇಳುತ್ತೇನೆ.

ಈಗ ಈ ಪುಸ್ತಕ. ಹಿಂದೆ ಕೂತವರಿಗೆ ಕಾಣುತ್ತದೋ ಇಲ್ಲವೋ, ಕೆಂಪು ಬಟ್ಟೆ ಹೊದಿಕೆಯ ಉದ್ದನೆ ಖಾತೆ ಪುಸ್ತಕ. ದಲಾಲಿ ಅಂಗಡಿಯವರು ದೀಪಾವಳಿಗೆ ಕೊಟ್ಟಿದ್ದು. ದೊಡ್ಡಪ್ಪ ಓದಿದ್ದು ನಾಲ್ಕನೇ ಕ್ಲಾಸು. 1965, 66ರ ಬರದಲ್ಲಿ ಎರಡು ಸಲ ಬಿತ್ತಿ ಎರಡು ಸಲವೂ ಬೀಜ ಕಳೆದುಕೊಂಡ ಮೇಲೆ ಇದರಲ್ಲಿ ಮಳೆ ಬರೆಯೋಕೆ ಶುರು ಮಾಡಿದರು. ಇದು ತುಂಬಿದ ಮೇಲೆ ಇನ್ನೊಂದು, ಆಮೇಲೆ ಮೊಮ್ಮಗನ ಶಾಲೆ ನೋಟ್ ಪುಸ್ತಕಗಳು.

ಇದರಲ್ಲಿ ತಾರೀಖು ಇಲ್ಲ, ಮಿಲಿಮೀಟರ್ ಇಲ್ಲ. ಮಳೆ ನಕ್ಷತ್ರದ ಹೆಸರು, ಪಾದ ಅಂದರೆ ಅದರ ಕಾಲು ಭಾಗ, ಅದರ ಮುಂದೆ ಒಂದು ಅಳತೆ. ‘ರೋಹಿಣಿ 1ನೇ ಪಾದ, ಒರಳು ಕಾಲು.’ ‘ಮಘೆ 3, ಒರಳು ಅರೆ.’ ಹಿತ್ತಲಿನಲ್ಲಿ ಬಾಯಿ ಒಡೆದ ಒಂದು ಒರಳುಕಲ್ಲು ಬಿದ್ದಿದೆ, ನೀವೆಲ್ಲ ನೋಡಿದ್ದೀರಿ, ಅದರ ಮೇಲೆ ಕೂತು ಎಲೆ ಅಡಿಕೆ ಹಾಕಿದ್ದೀರಿ. ಅದರ ಗುಂಡಿ ಈಗ ನಾಲ್ಕು ಬೆರಳು ಆಳ ಉಳಿದಿದೆ. ಮಳೆ ನಿಂತ ತಕ್ಷಣ ಹೋಗಿ ಅದರಲ್ಲಿ ಎಷ್ಟು ನೀರು ನಿಂತಿದೆ ನೋಡುವುದು, ಬಂದು ಬರೆಯುವುದು, ವಾಪಸ್ ಹೋಗಿ ನೀರು ಚೆಲ್ಲಿ ಒರಳನ್ನು ಒರೆಸುವುದು. ನಾನು ಬಿಎಸ್ಸಿ ಮುಗಿಸಿ ಬಂದ ಹೊಸತರಲ್ಲಿ ದೊಡ್ಡಸ್ತಿಕೆ ತೋರಿಸಿದೆ. ‘ದೊಡ್ಡಪ್ಪ, ಒರಳು ಮೇಲೆ ಅಗಲ, ತಳ ಕಿರಿದು. ಅರ್ಧ ಆಳ ನೀರು ಇದ್ದರೆ ಮಳೆ ಅರ್ಧ ಅಂತಲ್ಲ, ಇನ್ನೂ ಕಡಿಮೆ’ ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಅದಕ್ಕೇ ಅರೆ ಒರಳಿಗೆ ನಾನು ಕೂರಿಗೆ ಇಳಿಸಲ್ಲ’ ಅಂದರು.

ಅಳತೆಗಿಂತ ಮುಖ್ಯವಾದದ್ದು ಅದರ ಮುಂದಿನ ಪದ. ಬಿತ್ತಿದ ವರ್ಷ ‘ಹಸಿ ಕೂಡಿದೆ. ಬಿತ್ತಿದೆ’ ಅಂತಿರುತ್ತದೆ. ಹಸಿ ಕೂಡುವುದು ಅಂದರೆ ಇಲ್ಲಿರುವ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಮೇಲೆ ಬಿದ್ದ ಮಳೆಯ ತೇವ ಇಳಿಯುತ್ತಾ ಹೋಗಿ, ಹಿಂದಿನ ಮಳೆಯ ತೇವ ಕೆಳಗೆಲ್ಲಿ ನಿಂತಿದೆಯೋ ಅದನ್ನು ಮುಟ್ಟಬೇಕು. ನಡುವೆ ಒಣ ಮಣ್ಣಿನ ಪದರ ಉಳಿದರೆ ಮೊಳಕೆಯ ಬೇರು ಅಲ್ಲಿಗೆ ಬಂದು ಸಾಯುತ್ತದೆ. ದೊಡ್ಡಪ್ಪ ಕುಡುಗೋಲಿನ ತುದಿಯಿಂದ ಗೇಣು ಆಳ ಕೆದಕಿ ನೋಡುತ್ತಿದ್ದರು. ಆಮೇಲೆ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡುತ್ತಿದ್ದರು. ಉಂಡೆಯೇ ಕಟ್ಟಲಿಲ್ಲ ಅಂದರೆ ಮನೆಗೆ ಹೋಗು. ನೆಲಕ್ಕೆ ಬಿದ್ದು ಚಪ್ಪಟೆಯಾಗಿ ಅಂಟಿಕೊಂಡರೆ ಎರಡು ದಿನ ತಡಿ. ಬಿದ್ದು ನಾಲ್ಕು ಹೋಳಾಗಿ ಉದುರಿದರೆ ಎತ್ತು ಹೂಡು. ನಮ್ಮ ಮಸಾರಿ, ಕೆಂಪು ಮಣ್ಣಿನ ಹೊಲಕ್ಕೆ ಇಷ್ಟೇ ಶಾಸ್ತ್ರ. ಎರೆ, ಕಪ್ಪು ಮಣ್ಣಿನ ಹೊಲದ ಮಾತು ಅವರಾಡುತ್ತಿರಲಿಲ್ಲ, ‘ಅದು ಶ್ರೀಮಂತರ ಮಣ್ಣು, ಅದರ ಗುಣ ನನಗೆ ಗೊತ್ತಿಲ್ಲ’ ಅನ್ನುತ್ತಿದ್ದರು.

ಇಷ್ಟೊಂದು ಕಾಯುವುದು ಯಾಕೆ ಅಂತ ನೀವು ಕೇಳಬಹುದು. ಶೇಂಗಾ ಬಿತ್ತಿದವರಿಗೆ ಗೊತ್ತು. ರಾಗಿ ಎಕರೆಗೆ ನಾಲ್ಕೈದು ಕಿಲೋ ಬೀಜದಲ್ಲಿ ಮುಗಿಯುತ್ತದೆ. ಸಜ್ಜೆಗೆ ಅಷ್ಟೂ ಬೇಡ. ಶೇಂಗಾಕ್ಕೆ ಎಕರೆಗೆ 40ರಿಂದ 50 ಕಿಲೋ ಬೀಜ ಬೇಕು. ಐದೆಕರೆ ಅಂದರೆ ಎರಡು, ಎರಡೂವರೆ ಕ್ವಿಂಟಾಲ್. ಅದು ಮನೆ ಮಂದಿ ತಿನ್ನಬಹುದಾದ, ಮಾರಬಹುದಾದ ಕಾಳು. ಅದನ್ನು ಮಣ್ಣಿಗೆ ಹಾಕುವುದು ಅಂದರೆ ತಿಜೋರಿಯನ್ನೇ ತಂದು ಹೊಲದಲ್ಲಿ ಹೂತ ಹಾಗೆ. ಅರೆ ಹಸಿಗೆ ಬಿದ್ದರೆ ಅರ್ಧ ಕೊಳೆಯಿತು, ಅರ್ಧ ಗೆದ್ದಲಿಗಾಯಿತು. ಮತ್ತೆ ಬಿತ್ತೋಣ ಅಂದರೆ ಬೀಜ ಎಲ್ಲಿಂದ ಬರಬೇಕು?

ಆ ಬೀಜ ದೊಡ್ಡವ್ವನ ಸುಪರ್ದಿ. ನಡುಮನೆಯ ವಾಡೆಯಲ್ಲಿ, ಅಂದರೆ ಕಾಳು ತುಂಬಿಡುವ ಕಣಜದಲ್ಲಿ, ಕಾಯಿಯಾಗಿಯೇ ಇರುತ್ತಿತ್ತು, ಬೇವಿನ ಸೊಪ್ಪು ಹಾಕಿ ಮೇಲೆ ಸೆಗಣಿ ಸಾರಿಸಿ ಮುಚ್ಚಿದ್ದು. ಮೃಗಶಿರ ಮಳೆ ಹೊತ್ತಿಗೆ ವಾಡೆ ಬಾಯಿ ತೆಗೆದು, ಓಣಿಯ ಹೆಂಗಸರನ್ನೆಲ್ಲ ಕೂರಿಸಿಕೊಂಡು ಕಾಯಿ ಸುಲಿಸುತ್ತಿದ್ದಳು. ಸೇರಿಗಿಷ್ಟು ಅಂತ ಕೂಲಿ. ಮೇಲಿನ ಕೆಂಪು ಸಿಪ್ಪೆ ಕಿತ್ತು ಹೋದರೆ ಆ ಕಾಳು ಬಿತ್ತನೆಗೆ ಬರುವುದಿಲ್ಲ, ಹಾಗಾಗಿ ಎಲ್ಲರ ಬೆರಳ ಮೇಲೆ ಅವಳ ಕಣ್ಣು. ನಾವು ಹುಡುಗರು ಒಂದು ಕಾಳು ಬಾಯಿಗೆ ಹಾಕಿಕೊಂಡರೆ ಮೊರದ ಅಂಚಿನಿಂದ ಕೈ ಮೇಲೆ ಬೀಳುತ್ತಿತ್ತು. ‘ಬೀಜಕ್ಕಿಟ್ಟಿದ್ದು ಮುಟ್ಟಬ್ಯಾಡ್ರಿ’ ಅನ್ನುವ ಅವಳ ಕೂಗು ನನಗೆ ಈಗಲೂ ಕೇಳಿಸುತ್ತದೆ. ನೋಡಿ, ಇಲ್ಲಿ ಕೂತ ನಾಲ್ಕೈದು ಜನ ನಗುತ್ತಿದ್ದಾರೆ, ಅವರಿಗೂ ಬಿದ್ದಿದೆ.

ಬಿತ್ತುವ ದಿನ ಕೂರಿಗೆ ದೊಡ್ಡಪ್ಪನ ಕೈಯಲ್ಲಿ, ಹಿಂದೆ ಹಗ್ಗದಲ್ಲಿ ಕಟ್ಟಿದ ಸಡ್ಡೆ, ಅಂದರೆ ಕಾಳು ಬಿಡುವ ಕೊಳವೆ, ದೊಡ್ಡವ್ವನ ಕೈಯಲ್ಲಿ. ಉಡಿಯಲ್ಲಿ ತೊಗರಿ. ಶೇಂಗಾ ಸಾಲಿನ ನಡುವೆ ಅಕ್ಕಡಿ ಸಾಲು ತೊಗರಿಯದು. ಹೆಬ್ಬೆರಳಿನಿಂದ ಕಾಳು ಜಾರಿಸುತ್ತಾ ನಡೆಯುವ ಅವಳ ನಡಿಗೆಗೆ ಎತ್ತಿನ ನಡಿಗೆ ಹೊಂದಬೇಕು. ಹೊಂದದಿದ್ದರೆ ‘ಎತ್ತು ಹಿಡಿ’ ಅಂತ ಹಿಂದಿನಿಂದ ಹುಕುಂ. ಊರಲ್ಲಿ ಯಾರ ಮಾತಿಗೂ ಬಗ್ಗದ ದೊಡ್ಡಪ್ಪ ಆ ಹುಕುಂಗೆ ನಿಲ್ಲುತ್ತಿದ್ದರು.

ನಾನು ಈ ಪುಸ್ತಕ ಪೂರ್ತಿ ಓದಿದೆ. ಓದಿ ನನಗೆ ಅನ್ನಿಸಿದ್ದು ಇದು. ದೊಡ್ಡಪ್ಪ ಎಷ್ಟು ಚೀಲ ಬೆಳೆದರು ಅಂತ ಇದರಲ್ಲಿ ಒಂದು ಕಡೆಯೂ ಬರೆದಿಲ್ಲ. ಬರೆದಿರುವುದೆಲ್ಲ ಬಿತ್ತಿದ್ದು, ಬಿತ್ತದೆ ಬಿಟ್ಟದ್ದು. ಬಿತ್ತದೆ ಬಿಟ್ಟದ್ದೇ ಜಾಸ್ತಿ ವಿವರವಾಗಿದೆ. 1972ರಲ್ಲಿ ‘ಎಲ್ಲರೂ ಬಿತ್ತಿದರು. ನಾನು ಇಲ್ಲ’ ಅಂತ ಒಂದೇ ಸಾಲು. ಆ ವರ್ಷದ ಬರ ಹಿರಿಯರಿಗೆ ನೆನಪಿದೆ. ಮುಂದಿನ ವರ್ಷ ಊರಲ್ಲಿ ಬೀಜ ಉಳಿದಿದ್ದ ಮನೆಗಳು ಎರಡೋ ಮೂರೋ. ದೊಡ್ಡಪ್ಪ ಸೇರಿನ ಲೆಕ್ಕದಲ್ಲಿ ಬೀಜ ಕೊಟ್ಟರು, ಸೇರಿಗೆ ಒಂದೂಕಾಲು ವಾಪಸ್ ತಗೊಂಡರು. ಧರ್ಮಕ್ಕೆ ಕೊಟ್ಟರು ಅಂತ ನಾನು ಹೇಳುವುದಿಲ್ಲ. ತಗೊಂಡವರ ಮಕ್ಕಳು ಇಲ್ಲೇ ಕೂತಿದ್ದೀರಿ, ಸುಳ್ಳು ಹೇಳಿದರೆ ಎದ್ದು ನಿಲ್ಲುತ್ತೀರಿ.

ಬಿತ್ತದೆ ಬಿಟ್ಟ ವರ್ಷ ಹೊಲ ಪೂರಾ ಬೀಳು ಬೀಳುತ್ತಿತ್ತು ಅಂತಲ್ಲ. ಹುಬ್ಬೆ, ಉತ್ತರೆ ಮಳೆಗೆ ಹುರುಳಿ ಚೆಲ್ಲುತ್ತಿದ್ದರು. ಅಂಥ ವರ್ಷ ಮನೆಯಲ್ಲಿ ಮೂರು ಹೊತ್ತೂ ಹುರುಳಿ ಸಾರು.

ಅವರು ತಪ್ಪಲಿಲ್ಲವೇ? ತಪ್ಪಿದರು. ಹಿರಿಯರ ನೆನಪು ಅಂದರೆ ಬರೀ ಹೊಗಳಿಕೆ ಆಗಬಾರದು, ಅದಕ್ಕೇ ಇದನ್ನೂ ಹೇಳುತ್ತೇನೆ. 1978. ಪುಸ್ತಕದಲ್ಲಿ ನೋಡಿ, ‘ಆರಿದ್ರಾ 2, ಒರಳು ತುಂಬಿ ಚೆಲ್ಲಿದೆ.’ ಅದರ ಕೆಳಗೆ ‘ಪುನರ್ವಸು 1, ಒರಳು ಮುಕ್ಕಾಲು.’ ಇದಕ್ಕಿಂತ ಒಳ್ಳೆಯ ಹದ ಈ ಪುಸ್ತಕದಲ್ಲೇ ಇಲ್ಲ. ಆದರೆ ಮುಂದೆ ‘ಬಿತ್ತಿದೆ’ ಅನ್ನುವ ಪದ ಇಲ್ಲ. ಊರೆಲ್ಲ ಬಿತ್ತಿತು, ಒಳ್ಳೆಯ ಫಸಲೂ ಬಂತು. ಯಾರಾದರೂ ಕೇಳಿದರೆ ‘ಹಸಿ ಇನ್ನೂ ಕೂಡಿಲ್ಲ’ ಅನ್ನುತ್ತಿದ್ದರಂತೆ. ಆ ವರ್ಷವೇ ಯುಗಾದಿ ಕಳೆದ ಮೇಲೆ ದೊಡ್ಡಪ್ಪ, ನಮ್ಮಪ್ಪ ಪಾಲಾಗಿದ್ದರು. ಅದು ಬೇರೆ ಕಥೆ, ಇಲ್ಲಿ ತೆಗೆಯುವುದು ಬೇಡ. ನಾನಾಗ ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದೆ. ನನಗೆ ತೋಚುವುದು ಇಷ್ಟು: ಕಾದು ಕಾದು ರೂಢಿಯಾದವನಿಗೆ ಕೊನೆಗೆ ಹದ ಎದುರಿಗೆ ಬಂದು ನಿಂತರೂ ನಂಬಿಕೆ ಬರುವುದಿಲ್ಲ. ಎಚ್ಚರವೂ ಒಂದು ಹಂತ ದಾಟಿದರೆ ರೋಗವಾಗುತ್ತದೆ.

ಆಮೇಲಿನದು ನಿಮಗೆಲ್ಲ ಗೊತ್ತಿರುವುದೇ, ಬೇಗ ಹೇಳಿಬಿಡುತ್ತೇನೆ. 1990ರ ದಶಕದಲ್ಲಿ ತಾಳೆ ಎಣ್ಣೆ ಹೊರಗಿನಿಂದ ಸಲೀಸಾಗಿ ಬರತೊಡಗಿತು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಶೇಂಗಾಕ್ಕೆ ಕಂಬಳಿ ಹುಳು, ರೋಗ ಬೇರೆ. ಮೊದಲ ಮಳೆಗೆ ಏಳುವ ಚಿಟ್ಟೆಗಳನ್ನು ಸುಡಲು ರಾತ್ರಿ ಬದುವಿನ ಮೇಲೆ ಬೆಂಕಿ ಹಾಕುತ್ತಿದ್ದೆವು, ನೆನಪಿದೆಯಲ್ಲ? 1997ರಲ್ಲಿ ನಮ್ಮ ತಾಲ್ಲೂಕನ್ನು ಚಿತ್ರದುರ್ಗದಿಂದ ತೆಗೆದು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ‘ಮಳೆನೂ ಆ ಕಡೆದೇ ಕೊಡ್ತಾರೇನು?’ ಅಂತ ದೊಡ್ಡಪ್ಪ ಕೇಳಿದ್ದು ಊರಿಗೆಲ್ಲ ಹಬ್ಬಿತ್ತು. ಆಮೇಲೆ ಮೆಕ್ಕೆಜೋಳ ಬಂತು. ಎಕರೆಗೆ ಏಳೆಂಟು ಕಿಲೋ ಬೀಜ, ಪಾಕೀಟಿನಲ್ಲಿ ಬರುವುದು, ಪ್ರತಿ ವರ್ಷ ಕೊಳ್ಳಬೇಕು. 2002ರಿಂದ ಎರಡು ಮೂರು ವರ್ಷ ಬರ. ಆ ಹೊತ್ತಿಗೆ ಮಗ ಬೋರು ಕೊರೆಸಿದ. ಮೂರು ಕೊರೆದರು, ಎರಡರಲ್ಲಿ ಧೂಳು ಬಂತು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟು ತೋರಿಸಿದವನು ದುಡ್ಡು ಎಣಿಸಿಕೊಂಡು ಹೋದ.

ನನ್ನನ್ನು ಕೇಳಿದರೆ ದೊಡ್ಡಪ್ಪನ ನಿವೃತ್ತಿ ಆದದ್ದು ಆಗ. ಯಾರೂ ಹಾರ ಹಾಕಲಿಲ್ಲ. ಸಾಲ ತಂದು ಬೀಜ ಗೊಬ್ಬರ ಕೊಂಡಾಗಿದೆ, ಟ್ರಾಕ್ಟರಿನವನು ಗಂಟೆ ಲೆಕ್ಕದಲ್ಲಿ ನಾಳೆ ಬರುತ್ತೇನೆ ಅಂದಿದ್ದಾನೆ, ಅವನನ್ನು ಬಿಟ್ಟರೆ ಮತ್ತೆ ಹತ್ತು ದಿನ ಸಿಗುವುದಿಲ್ಲ. ಹಸಿ ಕೂಡಿದೆಯೋ ಇಲ್ಲವೋ ಅಂತ ಯಾರನ್ನು ಕೇಳಬೇಕು? ಕೇಳಲಿಲ್ಲ. ಮಗನನ್ನು ದೂರುತ್ತಿಲ್ಲ, ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಎತ್ತು ಮಾರಿದರು, ಕೂರಿಗೆ ಅಟ್ಟಕ್ಕೆ ಹೋಯಿತು. ದೊಡ್ಡಪ್ಪ ಮಾತ್ರ ಮಳೆ ನಿಂತ ಮೇಲೆ ಹಿತ್ತಲಿಗೆ ಹೋಗಿ ಒರಳು ನೋಡುವುದನ್ನು ಬಿಡಲಿಲ್ಲ. ಕಣ್ಣು ಮಂಜಾದ ಮೇಲೆ ಬೆರಳು ಅದ್ದಿ ನೋಡುತ್ತಿದ್ದರು, ಮೊಮ್ಮಗ ಬರೆಯುತ್ತಿದ್ದ.

2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದ ಸುದ್ದಿ ಬಂದಾಗ ನಾನೇ ಕಾರು ಮಾಡಿಸಿ ಕರೆದುಕೊಂಡು ಹೋದೆ. ತೊಟ್ಟಿಲಲ್ಲಿದ್ದಾಗ ತಪ್ಪಿಹೋಗಿದ್ದನ್ನು 89ಕ್ಕೆ ತೋರಿಸೋಣ ಅಂತ. ಜಾತ್ರೆಯಂಥ ಜನ. ಮಂಡಕ್ಕಿ ಮಿರ್ಚಿ ಅಂಗಡಿ, ಸೆಲ್ಫಿ, ಬಾಗಿನ ಬಿಡುವವರು. ಎಲ್ಲರೂ ಸಂಭ್ರಮದಲ್ಲಿದ್ದರು. ದೊಡ್ಡಪ್ಪ ಕೋಲೂರಿಕೊಂಡು ಬಹಳ ಹೊತ್ತು ನೀರು ಬೀಳುವುದನ್ನು ನೋಡಿದರು. ಪಕ್ಕದಲ್ಲಿ ನಿಂತವನೊಬ್ಬನನ್ನು ಕೇಳಿದರು, ‘ಹಿನ್ನೀರಿನಾಗೆ ಯಾರ್‍ಯಾರ ಹೊಲ ಮುಳುಗಿದ್ವಪ್ಪ?’ ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ‘ಮೂವತ್ತು ಟಿಎಂಸಿ ಅಜ್ಜಾ, ಪೂರಾ ತುಂಬೈತೆ’ ಅಂದ. ವಾಪಸ್ ಬರುವಾಗ ಕಾರಿನಲ್ಲಿ ದೊಡ್ಡಪ್ಪ ಮಾತಾಡಲಿಲ್ಲ. ಹಿರಿಯೂರು ದಾಟಿದ ಮೇಲೆ ‘ಒರಳು ಮುಚ್ಚಿ ಬಂದಿದೀನೋ ಇಲ್ಲೋ’ ಅಂದರು.

ಮುಂದಿನ ವರ್ಷ, 2023ರಲ್ಲಿ, ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ. ನೋಟ್ ಪುಸ್ತಕದ ಆ ವರ್ಷದ ಪುಟ ಹೆಚ್ಚುಕಡಿಮೆ ಖಾಲಿ. 2024ರ ಬೇಸಿಗೆಯಲ್ಲಿ, ಅಶ್ವಿನಿ ಮಳೆ ಹುಟ್ಟುವ ಮುಂಚೆ, ಅವರು ಹೋದರು. ಆ ಮುಂಗಾರು ಚೆನ್ನಾಗಿ ಬಂತು. 2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು. ಪಹಣಿ ಈಗ ಪೌತಿ ಖಾತೆಗೆ ಕೊಟ್ಟಿದ್ದೇವೆ, ನನ್ನ ತಮ್ಮ ಇನ್ನು ಮೇಲೆ ಕಾಗದದಲ್ಲೂ ರೈತ.

ಇಷ್ಟು ಹೇಳಿ ನಾನು ಕೂತೆ. ಎಲೆ ಹಾಕಲು ಜನ ಏಳುತ್ತಿದ್ದರು.

ಹೆಂಗಸರ ಸಾಲಿನಿಂದ ನನ್ನ ತಂಗಿ ಎದ್ದು ನಿಂತಳು. ದೊಡ್ಡಪ್ಪನ ಮಗಳು, ಕೊಟ್ಟಿದ್ದು ಭರಮಸಾಗರದ ಕಡೆ. ಅವಳು ಸಭೆಯಲ್ಲಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಮೈಕು ಬೇಡ ಅಂದಳು.

‘ಅಣ್ಣ, ಆ ವರ್ಷದ್ದು ನೀನು ಹೇಳಿದ್ದು ಸರಿಯಲ್ಲ. ನೀನು ದಾವಣಗೆರೆಯಾಗೆ ಇದ್ದೆ, ನಿನಗೆ ಗೊತ್ತಿಲ್ಲ. ಅಪ್ಪ ಹದ ಕಾಯ್ಲಿಲ್ಲ. ಬೀಜ ಇರ್ಲಿಲ್ಲ.’

ಪಾಲಾಗುವಾಗ ಸಾಲವೂ ಪಾಲಾಗಿತ್ತಂತೆ. ದೊಡ್ಡಪ್ಪನ ಪಾಲಿನ ಸಾಲಕ್ಕೆ ದಲಾಲಿ ಅಂಗಡಿಯವರು ತಗಾದೆ ಮಾಡಿದಾಗ ವಾಡೆಯಲ್ಲಿದ್ದ ಬಿತ್ತನೆ ಕಾಯಿಯನ್ನೇ ರಾತ್ರಿ ಗಾಡಿಗೆ ತುಂಬಿ ಕಳಿಸಿದ್ದಾರೆ. ವಾಡೆ ಬಾಯಿಗೆ ಮತ್ತೆ ಸೆಗಣಿ ಸಾರಿಸಿ, ತುಂಬಿದ್ದ ಹಾಗೇ ಮುಚ್ಚಿಟ್ಟಿದ್ದಾಳೆ ದೊಡ್ಡವ್ವ.

‘ಹಸಿ ಕೂಡಿಲ್ಲ ಅಂದ್ರೆ ಯಾರೂ ಏನೂ ಕೇಳಲ್ಲ, ಬೀಜ ಇಲ್ಲ ಅಂದ್ರೆ ಊರೇ ಕೇಳ್ತೈತೆ ಅಂತ ಅಪ್ಪ ಅವ್ವನ ಹತ್ರ ಅಂದಿದ್ದು ನಾನು ಕೇಳಿಸ್ಕೊಂಡಿದ್ದೆ. ಹನ್ನೆರಡು ವರ್ಷ ನನಗೆ. ವಾಡೆ ತಳ ಗುಡಿಸಿದಾಗ ಎರಡು ಸೇರು ಕಾಯಿ ಸಿಕ್ತು. ಅವ್ವ ಅದನ್ನ ಸುಲಿದು, ಹುರಿದು, ನಮಗೆ ಕೊಟ್ಲು. ಬೀಜದ ಶೇಂಗಾ ತಿಂದಿದ್ದು ಅದೊಂದೇ ಸಲ. ನಾವು ಖುಷಿಯಾಗಿ ತಿಂದ್ವಿ.’

ಅಷ್ಟು ಹೇಳಿ ಸೆರಗು ಸರಿ ಮಾಡಿಕೊಂಡು ಕೂತಳು. ಯಾರೋ ಪಲ್ಲೆ ಬಕೆಟ್ಟು ಹಿಡಿದು ಬಂದರು.

ಆ ವರ್ಷ ನಮ್ಮ ಮನೆಯಲ್ಲಿ ಬಿತ್ತಿದ ಮೇಲೂ ಬೀಜ ಉಳಿದಿತ್ತು. ಅಪ್ಪ ಅದನ್ನು ಚಳ್ಳಕೆರೆಗೆ ಹಾಕಿ ಬಂದು, ದಾವಣಗೆರೆಗೆ ನನ್ನ ಹಾಸ್ಟೆಲ್ ಫೀಜಿನ ಮನಿಯಾರ್ಡರ್ ಮಾಡಿದ್ದರು. ಫಾರಂನ ಕೆಳಗೆ, ಸಮಾಚಾರ ಬರೆಯುವ ಜಾಗದಲ್ಲಿ, ‘ಶೇಂಗಾ ಉಳಿದಿತ್ತು’ ಅಂತ ಬರೆದಿದ್ದರು.